ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್‌ಗೆ ಟೈಪ್-ಸಿ ಅಡಾಪ್ಟರ್ ಸಿಕ್ಕಿಸಿದರೆ ಸಾಕೇ, ಹೊಸ ಕೇಬಲ್ಲೇ ಬೇಕೇ?

ದಿನನಿತ್ಯಕ್ಕೆ ಹೊಸ ಕೇಬಲ್ಲೇ ಸರಿ. ಅಡಾಪ್ಟರ್ ಬ್ಯಾಗಿನ ಮೂಲೆಯಲ್ಲಿರಲಿ, ಆಪತ್ತಿಗೆ.

ಟೈಪ್-ಸಿಯಲ್ಲಿ ಫೋನು, ಚಾರ್ಜರ್ ಪರಸ್ಪರ ಮಾತಾಡುವುದು ಸಿಸಿ ಎಂಬ ತಂತಿಯ ಮೂಲಕ; ಮೈಕ್ರೋ ಕೇಬಲ್‌ನಲ್ಲಿ ಅದೇ ಇಲ್ಲ. ಹಾಗಾಗಿ ಪವರ್ ಡೆಲಿವರಿ (ಟೈಪ್-ಸಿಯ ವೇಗದ ಚಾರ್ಜಿಂಗ್ ಪದ್ಧತಿ) ಚಾರ್ಜರ್ ಜತೆ ಫೋನಿಗೆ ಮಾತುಕತೆ ಸಾಧ್ಯವಿಲ್ಲ, ಸಾಮಾನ್ಯವಾಗಿ 5 ವೋಲ್ಟಿನಲ್ಲೇ ನಿಧಾನಕ್ಕೆ ತುಂಬುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಎಷ್ಟು ಕರೆಂಟ್ ಎಳೆಯಬಹುದೆಂದು ಫೋನಿಗೆ ತಿಳಿಸುವ ಅಡಾಪ್ಟರ್ ಒಳಗಿನ ರೆಸಿಸ್ಟರ್. ಅದು 56 ಕಿಲೋಓಮ್ ಇರಬೇಕು. ಕೆಲವು ಕಳಪೆ ಮಾಲಿನಲ್ಲಿ 10 ಕಿಲೋಓಮ್ ಇರುತ್ತದೆ. ಆಗ ಫೋನು 3 ಆಂಪಿಯರ್ ಸಿಗುತ್ತದೆಂದು ನಂಬಿ ಎಳೆಯುತ್ತದೆ, 1 ಆಂಪಿಯರಿನ ಹಳೆ ಚಾರ್ಜರ್ ಬಿಸಿಯಾಗುತ್ತದೆ ಅಥವಾ ಕೈಕೊಡುತ್ತದೆ. ಜತೆಗೆ, ಅಡಾಪ್ಟರಿನಿಂದ ಉದ್ದವಾದ ಮೂತಿ ಸನ್ನೆಗೋಲಿನಂತೆ ಪೋರ್ಟನ್ನು ಮೀಟಿ ಸಡಿಲ ಮಾಡುತ್ತದೆ.

ಚಾರ್ಜರಿನಲ್ಲೂ ಟೈಪ್-ಸಿ ಇದ್ದರೆ 60 ವ್ಯಾಟಿನ, 1 ಮೀಟರ್ ಉದ್ದದ ಸಿ-ಟು-ಸಿ ಕೇಬಲ್ ಧಾರಾಳ. ಫೋನಿನ ಕಂಪನಿಯದೇ ಸ್ವಂತ ವೇಗದ ಚಾರ್ಜಿಂಗ್ ಇದ್ದರೆ ಮಾತ್ರ ಅದಕ್ಕೆ ಹೇಳಿದ ಕೇಬಲ್ಲೇ ತೆಗೆದುಕೊಳ್ಳಿ.