ಬ್ರೇಕ್ ಮೇಲೆ ಕಾಲಿದೆಯೋ ಇಲ್ಲವೋ

ಪ್ರಶ್ನೆ: ನನಗೆ 67. ಬ್ಯಾಂಕಿನಿಂದ ನಿವೃತ್ತ. 1983ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಗೆಳೆಯರ ಜೊತೆ ಘಾಟಿಗಳಲ್ಲಿ ಓಡಿಸುವುದು ನನ್ನ ಹುಚ್ಚು. ಸಕ್ಕರೆ ಕಾಯಿಲೆಗೆ 20 ವರ್ಷವಾಯಿತು. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ (ರೈಡ್ ಇದ್ದರೆ ಹಿಂದಿನ ದಿನ ಬಿಡುತ್ತೇನೆ). ಪಾದ ಜುಮ್ಮೆನ್ನುತ್ತದೆ, ಚಪ್ಪಲಿ ಕಳಚಿದ್ದೂ ಒಮ್ಮೊಮ್ಮೆ ತಿಳಿಯುವುದಿಲ್ಲ. ಹೋದ ಮಳೆಗಾಲ ಆಗುಂಬೆ ಇಳಿಯುವಾಗ ಒಂದು ತಿರುವಿನಲ್ಲಿ ಬಿದ್ದೆ. ಮೊಣಕೈ ತರಚಿತು, ಅಷ್ಟೆ. ಬಾತ್‌ರೂಮಿನಲ್ಲಿ ಜಾರಿದೆ ಎಂದು ಮನೆಯಲ್ಲಿ ಹೇಳಿದೆ. ಪಾಪ, ಹೆಂಡತಿ ಮರುದಿನವೇ ರಬ್ಬರ್ ಮ್ಯಾಟ್ ತಂದು ಹಾಕಿದಳು. ಅವಳೂ ಪುಣೆಯಲ್ಲಿರುವ ಮಗನೂ ಗಾಡಿ ಮಾರಿ ಅನ್ನುತ್ತಾರೆ. ಮುಂದಿನ ತಿಂಗಳು ಲೈಸೆನ್ಸ್ ನವೀಕರಣ. ಗಾಡಿ ಬಿಟ್ಟ ದಿನವೇ ಮುದುಕನಾಗಿಬಿಡುತ್ತೇನೆಂಬ ಭಯ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ಸರ್, ಮೊದಲು ಮಾತ್ರೆಯ ವಿಷಯ. ಅದನ್ನು ಬ್ರಾಕೆಟ್ಟಿನೊಳಗೆ ಬರೆದು ಮುಗಿಸಿದ್ದೀರಿ, ನನಗೆ ಹೆಚ್ಚು ಹೆದರಿಕೆಯಾದದ್ದು ಅಲ್ಲೇ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥವುಗಳ ಪರಿಣಾಮ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಒಂದು ದಿನ ಬಿಟ್ಟ ಮಾತ್ರಕ್ಕೆ, ತಲೆಗೆ ಪೆಟ್ಟು ಬಿದ್ದರೆ ರಕ್ತ ಸೋರುವ ಅಪಾಯ ತಪ್ಪುವುದಿಲ್ಲ. ಬಿಡುವುದೇ ರೂಢಿಯಾದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಇನ್ನು ಗಾಡಿ. ರೋಡ್‌ಕಿಂಗ್ ಬಗ್ಗೆ ನಿಮಗೆ ಪಾಠ ಹೇಳುವಷ್ಟು ದೊಡ್ಡವಳಲ್ಲ ನಾನು. ಟೂ ಸ್ಟ್ರೋಕ್ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ತಡೆದು ಹಿಡಿಯುವುದಿಲ್ಲ ಎಂಬುದು ನಿಮಗೇ ಗೊತ್ತು. ಎರಡೂ ಗಾಲಿಗೆ ಡ್ರಮ್ ಬ್ರೇಕು, ಹಿಂದಿನದು ಬಲಪಾದದ ಕೆಳಗೆ. ಆಗುಂಬೆಯ 14 ತಿರುವು ಇಳಿಯುವವರ ಜೀವ ಆ ಪಾದದಲ್ಲಿರುತ್ತದೆ. ಬ್ರೇಕು ಎಷ್ಟು ಒತ್ತಿದ್ದೀರಿ ಎಂದು ಹೇಳಬೇಕಾದ ಅಂಗಾಲು, ಚಪ್ಪಲಿ ಕಳಚಿದ್ದನ್ನೇ ನಿಮಗೆ ಹೇಳುತ್ತಿಲ್ಲ. ನಿಮ್ಮ ಕೈ, ಕಣ್ಣು, 40 ವರ್ಷದ ಅನುಭವ, ಯಾವುದರ ಮೇಲೂ ನನಗೆ ಅನುಮಾನವಿಲ್ಲ. ಸುದ್ದಿ ಮುಟ್ಟಿಸುವ ನರವೇ ಸೋತರೆ ಅನುಭವ ಏನು ಮಾಡೀತು?

ಪಾದದ ಪರೀಕ್ಷೆ ಮಾಡಿಸಿ. ಟ್ಯೂನಿಂಗ್ ಫೋರ್ಕ್ ಮಿಡಿದು ಹೆಬ್ಬೆರಳ ಗಂಟಿನ ಮೇಲಿಟ್ಟು "ನಡುಕ ಗೊತ್ತಾಗುತ್ತಾ?" ಎಂದು ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು ನಿಜ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿಯುವುದೂ ಉಂಟು, ಅದನ್ನೂ ನೋಡಲಿ. ಅದೇ ಕಾರಣವಾಗಿದ್ದರೆ ಸರಿಹೋದೀತೆಂಬ ಆಸೆಯಲ್ಲಿ, ಈ ಗಾಡಿಗಳವರೆಲ್ಲ ಸೇರುವ ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಈಗಲೇ ಹೆಸರು ಕೊಡಬೇಡಿ.

ಲೈಸೆನ್ಸಿಗೆ ಡಾಕ್ಟರ ಸಹಿಯ ಫಾರಂ 1ಎ ಬೇಕಾಗುತ್ತದೆ. ನೀವು ಗಾಡಿ ಓಡಿಸಿದರೆ ಸಾರ್ವಜನಿಕರಿಗೆ ಅಪಾಯವಾಗುವಂಥ ಕಾಯಿಲೆ ಇದೆಯೇ ಎಂದು ಸ್ವಯಂ ಘೋಷಣೆಯ ಫಾರಂ ನಿಮ್ಮನ್ನೇ ಕೇಳುತ್ತದೆ. ಬ್ಯಾಂಕಿನಲ್ಲಿದ್ದವರು ನೀವು. ಓದದೆ ಸಹಿ ಹಾಕಿದವರಿಗೆ ಎಷ್ಟು ಸಲ ಬೈದಿದ್ದೀರೋ!

ಓಡಿಸುವುದನ್ನು ನಿಲ್ಲಿಸಿ, ಸರ್. ಘಾಟಿಯಲ್ಲಷ್ಟೇ ಅಲ್ಲ, ಊರೊಳಗೂ.

ಮಾರುವ ಮಾತು ಬೇರೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾವು ಅವರ ಸ್ಕೂಟರ್ ಮಾರಿಬಿಟ್ಟೆವು, ಬುದ್ಧಿವಂತಿಕೆ ಅಂದುಕೊಂಡು. ಎರಡನೇ ಕೀಲಿಯನ್ನು ಅವರು ಬಹಳ ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು. ಅದಕ್ಕೇ ಮಗನಿಗೆ ಹೇಳಿ: ಇಡುವುದೋ ಕೊಡುವುದೋ, ತೀರ್ಮಾನ ನನ್ನದು, ಅವಸರ ಬೇಡ ಎಂದು. ಯೆಜ್ಡಿ ತಯಾರಿಸುತ್ತಿದ್ದ ನಿಮ್ಮೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಹಳೆಯ ಯೆಜ್ಡಿ ಕೊಂಡ ಹುಡುಗರಿಗೆ ಗಾಡಿ ಸಿಗುತ್ತದೆ, ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಗ್ಯಾಪ್ ಸರಿಯಿಲ್ಲ ಅಂತ ಸದ್ದಿನಲ್ಲೇ ಹಿಡಿಯುವವರು ಸಿಗುವುದಿಲ್ಲ. ಅಂಥ ಒಬ್ಬನನ್ನು ಭಾನುವಾರ ಮನೆಗೆ ಕರೆಯಿರಿ. ಅವನು ಒಂದು ಸುತ್ತು ಹೊಡೆದು ಬರಲಿ, ನೀವು ಗೇಟಿನ ಬಳಿ ನಿಂತು ಬೈಯಿರಿ.

ಮುದುಕನಾಗುವ ಭಯಕ್ಕೆ ನನ್ನ ಬಳಿ ಮದ್ದಿಲ್ಲ. ಗೆಳೆಯರು ನಿಮ್ಮನ್ನು ಬಿಟ್ಟು ಹೊರಡುವ ಮೊದಲ ಬೆಳಗ್ಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗಲಿ.

ಆಗುಂಬೆಯಲ್ಲಿ ಬಿದ್ದದ್ದನ್ನು ಮಾತ್ರ ಈ ವಾರವೇ ಹೆಂಡತಿಗೆ ಹೇಳಿ. ಆ ರಬ್ಬರ್ ಮ್ಯಾಟ್ ಅಲ್ಲೇ ಇರಲಿ, ನಿಮ್ಮ ಪಾದಕ್ಕೆ ಅದು ಹೇಗೂ ಬೇಕು.