ಕೆಂಗೇರಿ ಉಪನಗರದ ಮನೆ: ಮೆಟ್ರೋ ಹತ್ತಿರ ಸರಿ, ನೀರು?

ಪ್ರಶ್ನೆ: ನಾವು ಮದ್ದೂರಿನವರು. ನಮ್ಮ ಯಜಮಾನರು ಬರುವ ವರ್ಷ ರಿಟೈರ್ ಆಗುತ್ತಾರೆ. ಮಗಳು ಬೆಂಗಳೂರಿನಲ್ಲಿದ್ದಾಳೆ ಅಂತ ಕೆಂಗೇರಿ ಉಪನಗರದಲ್ಲಿ 30×40 ಸೈಟಿನ ಹಳೇ ಮನೆಯೊಂದನ್ನು ನೋಡಿದ್ದೇವೆ. ಕೆಳಗೆ ಎರಡು ಬೆಡ್‌ರೂಮ್, ಮೇಲಿನ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಮೆಟ್ರೋ, ಆಸ್ಪತ್ರೆ, ಮಾರ್ಕೆಟ್ ಎಲ್ಲಾ ಹತ್ತೇ ನಿಮಿಷ ಅನ್ನುತ್ತಾರೆ ಬ್ರೋಕರ್. ಅಡ್ವಾನ್ಸ್ ಕೊಡಬಹುದಾ?

ಉತ್ತರ: ಈಗಲೇ ಬೇಡ. ಏರಿಯಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮೆಟ್ರೋ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟ ಮುಟ್ಟಿತು. ಮೆಜೆಸ್ಟಿಕ್, ಎಂ.ಜಿ. ರೋಡ್ ದಾಟಿ ವೈಟ್‌ಫೀಲ್ಡ್‌ವರೆಗೂ ಒಂದೇ ರೈಲಿನಲ್ಲಿ ಕೂತು ಹೋಗಬಹುದು. ಊರಿಗೆ ಹೋಗಬೇಕು ಅಂದರೆ ಕೆಂಗೇರಿ ರೈಲ್ವೆ ಸ್ಟೇಷನ್ ಇದ್ದೇ ಇದೆ, ಮದ್ದೂರಿಗೂ ಅದೇ ಲೈನು.

ಆದರೆ ಬ್ರೋಕರ್ ಹೇಳುವ ಹತ್ತು ನಿಮಿಷ ಬೈಕಿನದು, ಅದೂ ಭಾನುವಾರ ಬೆಳಗ್ಗೆಯದು! ನೀವಿಬ್ಬರೂ ಒಂದು ಸಂಜೆ ಆ ಮನೆಯಿಂದ ಮೆಟ್ರೋವರೆಗೆ ನಡೆದೇ ಹೋಗಿ ನೋಡಿ. ಫುಟ್‌ಪಾತ್ ಕಲ್ಲು ಅಲ್ಲಾಡುತ್ತಾ, ಬೀದಿದೀಪ ಉರಿಯುತ್ತಾ, ಔಷಧಿ ಅಂಗಡಿ ಎಲ್ಲಿ, ರಸ್ತೆ ದಾಟೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತೆ. ಹಾಗೇ ತಾರಸಿ ಮೇಲೂ ಸ್ವಲ್ಪ ಹೊತ್ತು ನಿಲ್ಲಿ. ವೃಷಭಾವತಿ ಆ ಕಡೆಯೇ ಹರಿಯೋದು, ಅದರ ವಾಸನೆ ಕೆಲವು ಬೀದಿಗಳಿಗೆ ಬರುತ್ತೆ, ಕೆಲವಕ್ಕೆ ಬರಲ್ಲ. ಬ್ರೋಕರ್ ಬಾಯಲ್ಲಿ ಇದು ಬರೋದಿಲ್ಲ ಬಿಡಿ.

ಇನ್ನು ನೀರು. ನನ್ನ ಪ್ರಕಾರ ಮನೆ ಬೇಕೋ ಬೇಡವೋ ಅಂತ ತೀರ್ಮಾನ ಆಗಬೇಕಾದದ್ದು ಇಲ್ಲೇ. ಓನರ್‌ನ ಕೇಳಬೇಡಿ, ಮೇಲಿನ ಬಾಡಿಗೆಯವರನ್ನು ಕೇಳಿ. ಕಾವೇರಿ ವಾರಕ್ಕೆ ಎಷ್ಟು ದಿನ ಬರುತ್ತೆ, ಎಷ್ಟು ಹೊತ್ತು ಬಿಡ್ತಾರೆ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ರಾ, ಅದರ ದುಡ್ಡು ಯಾರು ಕೊಟ್ಟರು? ಸಂಪಿನ ಮುಚ್ಚಳ ತೆಗೆಸಿ ನೋಡಿ. ಒಳಗೋಡೆಯ ಮೇಲೆ ನೀರಿನ ಕಲೆ ಕಾಣುತ್ತೆ, ದಿನಾ ನೀರು ಎಲ್ಲಿಯವರೆಗೆ ನಿಲ್ಲುತ್ತೆ ಅಂತ ಅದೇ ಹೇಳುತ್ತೆ. ಒಂದು ವರ್ಷದ ನೀರಿನ ಬಿಲ್ಲೂ ಕೇಳಿ. ತಮಾಷೆ ಅಂದರೆ ಬೆಂಗಳೂರಿಗೆ ಕಾವೇರಿ ನೀರು ಪಂಪ್ ಆಗೋದು ನಿಮ್ಮ ಜಿಲ್ಲೆಯ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಇಲ್ಲಿಗೆ ಬಂದು ನೀವು ಟ್ಯಾಂಕರ್‌ಗೆ ಕಾಯೋದು ಬೇಡ, ಅಲ್ವಾ?

ಕಾಗದ ಪತ್ರ ವಕೀಲರಿಗೆ ತೋರಿಸಿ, ಸುಮ್ನೆ ಜೆರಾಕ್ಸ್ ನೋಡಿ ಒಪ್ಪಬೇಡಿ. ಇ-ಖಾತಾ, ಅಂದರೆ ಆಸ್ತಿಯ ಆನ್‌ಲೈನ್ ಖಾತಾ, ಇಲ್ಲದೆ ಈಗ ರಿಜಿಸ್ಟ್ರೇಷನ್ ಆಗಲ್ಲ. ಅದರಲ್ಲಿರುವ ಹೆಸರು, ಅಳತೆ ಕ್ರಯಪತ್ರಕ್ಕೆ ತಾಳೆಯಾಗಬೇಕು. ಇ.ಸಿ. (ಋಣಭಾರ ಪತ್ರ) ತೆಗೆಸಿ, ಮನೆ ಮೇಲೆ ರಿಜಿಸ್ಟರ್ ಆದ ಸಾಲ ಇದ್ದರೆ ಗೊತ್ತಾಗುತ್ತೆ. ಮೇಲಿನ ಮಹಡಿ ಮಂಜೂರಾದ ಪ್ಲಾನ್‌ನಲ್ಲಿದೆಯಾ, ಅದಕ್ಕೂ ಕಂದಾಯ ಕಟ್ಟಿದ್ದಾರಾ ಅಂತ ಮರೆಯದೆ ನೋಡಿ. ಆಮೇಲೆ ಕಟ್ಟಿಸಿದ ಮಹಡಿಗಳಲ್ಲೇ ಜಾಸ್ತಿ ತೊಂದರೆ.

ಕೊನೆಗೊಂದು. ಬಾಡಿಗೆಯವರು ಕೊಟ್ಟ ಅಡ್ವಾನ್ಸ್ ಈಗಿನ ಓನರ್ ಹತ್ತಿರ ಇದೆ. ಬಾಡಿಗೆಯವರು ಮನೆ ಬಿಟ್ಟ ದಿನ ಅದನ್ನು ನಿಮ್ಮ ಹತ್ತಿರ ಕೇಳುತ್ತಾರೆ. ಅಷ್ಟು ಮೊತ್ತ ಮನೆ ಬೆಲೆಯಲ್ಲಿ ಕಳೆದು, ಅದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ. ಮನೆಗೆ ನೀವು ಕೊಡುವ ಅಡ್ವಾನ್ಸ್ ಚೆಕ್‌ನಲ್ಲೇ ಕೊಡಿ.