ಆ ಸೊನ್ನೆ ಯಾಕೆ ಸೇರಿಸಿದಿರಿ?

ನಮಸ್ಕಾರ. ಕೋರಮಂಗಲದ ರಾಜಕಾಲುವೆಯಲ್ಲಿ ಮಳೆನೀರು ಏರುವುದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೀವು ಪ್ರಕಟಣೆಗೆ ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

ನೀವು ಬರೆದಿದ್ದೀರಿ: "ಸ್ವಲ್ಪ ಹೊತ್ತಿಗೆ ಪರದೆ ತುಂಬ ನ್ಯಾನ್ ಬಂತು. ಸಾಫ್ಟ್‌ವೇರ್ ಕೈಕೊಟ್ಟಿತು. ಟೈಮ್ ಸ್ಟೆಪ್ಪನ್ನು 0.1ರಿಂದ 0.01 ಸೆಕೆಂಡಿಗೆ ಇಳಿಸಿದೆ. ಸರಿಹೋಯಿತು."

'ಕೈಕೊಟ್ಟಿತು.' ಪಾಪ, ಅದು ನೀವು ಹೇಳಿದ್ದನ್ನೇ ಮಾಡಿದೆ. ನ್ಯಾನ್ ಅಂದರೆ 'ಇದು ಸಂಖ್ಯೆಯೇ ಅಲ್ಲ' ಎಂಬ ಗುರುತು. ಅಷ್ಟಾದರೂ ಓದುಗರಿಗೆ ಹೇಳಬೇಡವೇ?

'ಇಳಿಸಿದೆ.' ಯಾಕೆ? ಟೈಮ್ ಸ್ಟೆಪ್ ಅಂದರೆ ಲೆಕ್ಕ ಒಂದು ಹೆಜ್ಜೆಗೆ ಮುಂದೆ ಹೋಗುವ ಕಾಲ. ನಿಮ್ಮ ಅಂಕಿಗಳನ್ನೇ ತಗೊಳ್ಳಿ. ಸೆಲ್, ಅಂದರೆ ಲೆಕ್ಕಕ್ಕಾಗಿ ಕಾಲುವೆಯನ್ನು ಕತ್ತರಿಸಿದ ಒಂದೊಂದು ತುಂಡು, 10 ಸೆಂ.ಮೀ., ನೀರಿನ ವೇಗ ಸೆಕೆಂಡಿಗೆ 2 ಮೀಟರ್, ಆಳ 1 ಮೀಟರ್. ಅಷ್ಟು ಆಳದಲ್ಲಿ ಅಲೆ ನೀರಿಗಿಂತ ಸೆಕೆಂಡಿಗೆ 3.1 ಮೀಟರ್ ಜಾಸ್ತಿ ಓಡುತ್ತದೆ. ಒಟ್ಟು 5.1. ಅಂದರೆ 0.1 ಸೆಕೆಂಡಿನಲ್ಲಿ ಐದು ಸೆಲ್ ದಾಟಿಹೋಯಿತು. ನಿಮ್ಮ ಎಕ್ಸ್‌ಪ್ಲಿಸಿಟ್ ವಿಧಾನ, ಅಂದರೆ ಈ ಕ್ಷಣದ ಅಂಕಿಗಳಿಂದಲೇ ಮುಂದಿನ ಕ್ಷಣದ್ದನ್ನು ನೇರವಾಗಿ ಲೆಕ್ಕ ಹಾಕುವ ವಿಧಾನ, ಒಂದು ಹೆಜ್ಜೆಗೆ ಪಕ್ಕದ ಸೆಲ್ ಮಾತ್ರ ನೋಡುತ್ತದೆ. ಅದರಾಚೆ ಏನಾಯಿತು ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ತಪ್ಪು ಹೆಜ್ಜೆಹೆಜ್ಜೆಗೂ ಬೆಳೆದು ಕೊನೆಗೆ ನ್ಯಾನ್ ಆಗುತ್ತದೆ. 0.01ಕ್ಕೆ ಅಲೆ ಅರ್ಧ ಸೆಲ್ ಸರಿಯುತ್ತದೆ, ಅಷ್ಟೇ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ, ಇನ್ನೂ ಕಂಪ್ಯೂಟರೇ ಇಲ್ಲದಾಗ, ಹೇಳಿದ ಷರತ್ತು ಇದು: ಒಂದು ಹೆಜ್ಜೆಯಲ್ಲಿ ಅಲೆ ಒಂದು ಸೆಲ್ಲಿಗಿಂತ ಹೆಚ್ಚು ಸರಿಯಬಾರದು. ಲೇಖನದ ಜೀವ ಇಲ್ಲೇ ಇತ್ತು, ಅಲ್ವಾ? ಸುಮ್ನೆ ಒಂದು ಸೊನ್ನೆ ಹಾಕಿ ಮುಂದೆ ಹೋಗಿಬಿಟ್ಟಿರಿ.

ನಾನು ಬಸವನಗುಡಿಯ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುವಾಗ 'ಭಾರೀ ಮಳೆ' ಎಂದು ಬರೆದರೆ ಕಾಪಿ ವಾಪಸ್ ಬರುತ್ತಿತ್ತು. "ಎಷ್ಟು ಮಿಲಿಮೀಟರ್? ಎಷ್ಟು ಹೊತ್ತಲ್ಲಿ?" ಅಂತ ಅಂಚಿನಲ್ಲಿ ಕೆಂಪು ಅಕ್ಷರ. ಆ ಹಿರಿಯರನ್ನು ಬೈದುಕೊಂಡೇ ಹವಾಮಾನ ಇಲಾಖೆಗೆ ಫೋನ್ ಮಾಡುತ್ತಿದ್ದೆ. ಈಗ ನೀವು ನನ್ನನ್ನು ಬೈದುಕೊಳ್ಳಿ, ಪರವಾಗಿಲ್ಲ.

'ಸರಿಹೋಯಿತು.' ಇದಂತೂ ನನಗೆ ನುಂಗಲಾಗಲಿಲ್ಲ. ಲೆಕ್ಕ ಕೊನೆವರೆಗೆ ಓಡಿದೆ, ಉತ್ತರ ಸರಿಯೆಂದು ಯಾರು ಹೇಳಿದರು? ನೀವು ಬಳಸಿದ ಕಡಿಮೆ ನಿಖರತೆಯ (ಫಸ್ಟ್ ಆರ್ಡರ್) ಅಪ್‌ವಿಂಡ್ ವಿಧಾನ, ಅಂದರೆ ಹರಿವು ಬರುವ ಕಡೆಯ ಸೆಲ್ ನೋಡಿ ಲೆಕ್ಕ ಹಾಕುವುದು, ಹೆಜ್ಜೆ ಚಿಕ್ಕದಿದ್ದರೆ ಅಂಕಿಗಳು ಸ್ಫೋಟಿಸದಂತೆ ಕಾಪಾಡುತ್ತದೆ, ನಿಜ. ಜೊತೆಗೆ ಕಡಿದಾಗಿ ನುಗ್ಗುವ ನೀರಿನ ಅಂಚನ್ನು ಹರಡಿ ಚಪ್ಪಟೆ ಮಾಡುತ್ತದೆ. ನಿಮ್ಮ ಚಿತ್ರದಲ್ಲಿ ನೀರು ಅಷ್ಟು ನಯವಾಗಿ ಏರುವುದು ಕಾಲುವೆಯ ಗುಣವೋ, ಲೆಕ್ಕದ್ದೋ? ಸೆಲ್ಲನ್ನೂ ಟೈಮ್ ಸ್ಟೆಪ್ಪನ್ನೂ ಅರ್ಧ ಮಾಡಿ ಮತ್ತೆ ಓಡಿಸಿ. ಒಳಗೆ ಬಂದ ನೀರಿಗೂ, ಹೊರಗೆ ಹೋದದ್ದು ಮತ್ತು ಉಳಿದದ್ದಕ್ಕೂ ತಾಳೆ ನೋಡಿ. ತಾಳೆಯಾಗದಿದ್ದರೆ ಅದನ್ನೂ ಬರೆಯಿರಿ, ಹಾಕುತ್ತೇನೆ. ಜಾಗದ ಚಿಂತೆ ಬೇಡ. ಕೆಂಪೇಗೌಡರ ಕೆರೆಗಳನ್ನು ಹೊಗಳುವ ಮೊದಲ ಪುಟ ಪೂರ್ತಿ ತೆಗೆಯುತ್ತಿದ್ದೇನೆ.